ಅತ್ತಮ್ಮ ಐದು ಮನೆ ಬೇಡಿದ ಶನಿವಾರ

ಅತ್ತಮ್ಮಾ,

ನೀವಿದ್ದಾಗ ನಿಮಗೆ ಒಂದು ಕಾಗದವನ್ನೂ ಬರೆದವಳಲ್ಲ ನಾನು. ಬರೆದಿದ್ದರೂ ಅದನ್ನು ಓದಿ ಹೇಳಲು ನಿಮಗೆ ಇನ್ನೊಬ್ಬರು ಬೇಕಾಗಿತ್ತು. ಸೊಸೆಯ ಮಾತನ್ನು ಬೇರೆಯವರ ಬಾಯಲ್ಲಿ ಕೇಳುವುದು ನಿಮಗೆ ಹಿಡಿಸುತ್ತಿರಲಿಲ್ಲ. ಈಗ ಆ ತೊಂದರೆ ಇಲ್ಲ ಅಂದುಕೊಂಡಿದ್ದೇನೆ. ನಿನ್ನೆ ಯಲ್ದೂರಿನಲ್ಲಿ ನಿಮ್ಮ ವರ್ಷದ ತಿಥಿ ಮುಗಿಯಿತು. ಬೆಳಿಗ್ಗೆಯಿಂದ ಹಿತ್ತಲಲ್ಲಿ ದೊಡ್ಡ ಪಾತ್ರೆಗಳನ್ನು ತಿಕ್ಕುತ್ತಿದ್ದಾರೆ. ನನ್ನನ್ನು ಯಾರೂ ಕೆಲಸಕ್ಕೆ ಕರೆಯುತ್ತಿಲ್ಲ. ಹಾಗಾಗಿ ಕೂತು ಬರೆಯುತ್ತಿದ್ದೇನೆ.

ನೀವು ಫೋನಿನಲ್ಲಿ ನನ್ನ ಜೊತೆ ಮಾತು ಬಿಟ್ಟ ದಿನ ನನಗೆ ಚೆನ್ನಾಗಿ ನೆನಪಿದೆ. ಕೀನ್ಯಾಕ್ಕೆ ಹೋಗಿ ನಾಲ್ಕು ವರ್ಷವಾಗಿತ್ತು. ನಿಮ್ಮ ಮಗ ಮಾಲೂರಿನ ಗುಲಾಬಿ ಪಾಲಿಹೌಸಿನ ಕೆಲಸ ಬಿಟ್ಟು, ಅಲ್ಲೊಂದು ದೊಡ್ಡ ಸರೋವರದ ದಂಡೆಯಲ್ಲಿದ್ದ ಹೂವಿನ ಫಾರ್ಮಿಗೆ ಸೂಪರ್‌ವೈಸರ್ ಆಗಿದ್ದರು. ಕೋಲಾರದ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಕೆಲಸ ಮಾಡಿದ್ದ ನನಗೆ ಸುಮ್ಮನೆ ಕೂರಲು ಆಗುತ್ತಿರಲಿಲ್ಲ. ಹತ್ತಿರದಲ್ಲೇ ರೂತ್ ಎಂಬ ವಯಸ್ಸಾದ ನರ್ಸಮ್ಮ ತಬ್ಬಲಿ ಮಕ್ಕಳ ಮನೆಯೊಂದನ್ನು ನಡೆಸುತ್ತಿದ್ದರು. ಹೊಲಿಗೆ ಹೇಳಿಕೊಡಲು ಹೋದೆ. ಅವರ ಮಂಡಿ ಸೋತಾಗ ಮನೆ ನನ್ನ ಕೈಗೆ ಬಂತು. ಇಪ್ಪತ್ತಮೂರು ಮಕ್ಕಳು. ಭಾನುವಾರ ಅವರನ್ನು ಚರ್ಚಿಗೆ ಕರೆದುಕೊಂಡು ಹೋಗುತ್ತೇನೆ, ನಾನೂ ಕೂತು ಹಾಡುತ್ತೇನೆ ಎಂದು ನಿಮಗೆ ಹೇಳಿದೆ. ಮುಚ್ಚಿಡುವಂಥದ್ದು ಅದರಲ್ಲಿ ಏನಿದೆ ಅಂದುಕೊಂಡಿದ್ದೆ. ನೀವು ಅಂದಿರಿ: "ಮನೆದೇವರನ್ನ ಬಿಟ್ಟೋಳ ಹತ್ರ ನಂಗೇನಮ್ಮ ಮಾತು? ಫೋನು ಅವನಿಗೆ ಕೊಡು." ಆಮೇಲೆ ಒಂದೂವರೆ ವರ್ಷ ನಮ್ಮಿಬ್ಬರ ನಡುವೆ ನಿಮ್ಮ ಮಗನೇ ಟಪಾಲು.

ನಮಗೆ ಮಕ್ಕಳಾಗಲಿಲ್ಲ ಎಂಬ ಮಾತನ್ನು ಮಾತ್ರ ನೀವು ಒಮ್ಮೆಯೂ ಎತ್ತಲಿಲ್ಲ. ಊರಿನವರು ಅದಕ್ಕೂ ಈ ಮಕ್ಕಳ ಮನೆಗೂ ಗಂಟು ಹಾಕಿ ಮರುಗಿದಾಗ, "ಹಾಸ್ಟೆಲಲ್ಲಿ ಕೆಲಸ ಮಾಡ್ತಿದ್ದಾಗಿಂದ ಅವಳಿಗೆ ಅದೇ ಹುಚ್ಚು, ಬಿಡ್ರಮ್ಮ" ಎಂದಿದ್ದಿರಂತೆ. ಬೈಗುಳದ ಹಾಗೆ ಹೇಳಿದರೂ ಅದು ನಿಜವಾಗಿತ್ತು.

ಆಷಾಢದಲ್ಲಿ ನೀವು ವಿಮಾನ ಇಳಿದು ಬಂದಾಗ ಕೈಯಲ್ಲಿ ಒಂದು ಚೀಲ ಹಿಡಿದಿದ್ದಿರಿ. ರಾಗಿಹಿಟ್ಟು, ಚಿಕ್ಕತಿರುಪತಿ ವೆಂಕಟರಮಣನ ಪಟ, ನಾಮದ ಗಟ್ಟಿ, ಒಂದು ಹಿತ್ತಾಳೆ ಚೊಂಬು. ನಿಮ್ಮ ಮಗ ಹಟ ಹಿಡಿದು ಕರೆಸಿಕೊಂಡಿದ್ದರು. ನನ್ನನ್ನು ನೋಡಿ "ಕಪ್ಪಾಗಿದೀಯ" ಎಂದಿರಿ. ಒಂದೂವರೆ ವರ್ಷದ ಮೇಲೆ ನೀವು ನನಗೆ ಆಡಿದ ಮೊದಲ ಮಾತು ಅದು. ಮಕ್ಕಳ ಮನೆಯಲ್ಲಿ ಒಂದು ವಾರ ನೀರನ್ನೂ ಮುಟ್ಟಲಿಲ್ಲ. ಎರಡನೇ ವಾರ ಅಡುಗೆಮನೆಯ ಬಾಗಿಲಲ್ಲಿ ನಿಂತು, ಅಲ್ಲಿಯ ಅಡುಗೆಯವರು ಮುಸುಕಿನ ಜೋಳದ ಹಿಟ್ಟು ತೊಳಸುವುದನ್ನು ನೋಡಿದಿರಿ. "ಮುದ್ದೆನೇ ಅಲ್ವೇನೇ ಇದು? ಬೆಳ್ಳಗಿದೆ ಅಷ್ಟೇ. ಹಿಂಗಾ ತೊಳಸೋದು? ಗಂಟಾಗಲ್ವ? ಇತ್ತ ಕೊಡು" ಎಂದು ಕೋಲು ಕಿತ್ತುಕೊಂಡಿರಿ. ಮಕ್ಕಳು ನಿಮ್ಮನ್ನು ಶೋಶೋ ಎಂದು ಕರೆದರು. "ಎಮ್ಮೆ ಹೊಡ್ದಂಗೆ ಕೂಗ್ತಾವಲ್ಲೇ" ಎಂದು ಗೊಣಗಿದಿರಿ. ಅಜ್ಜಿ ಎಂದು ಅರ್ಥ, ಅಂದೆ. ಆಮೇಲೆ ಗೊಣಗಲಿಲ್ಲ.

ಶ್ರಾವಣದ ಮೊದಲ ಶನಿವಾರ ನಾನು ಇಬ್ಬರು ಮಕ್ಕಳನ್ನು ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿದ್ದೆ. ವಾಪಸು ಬಂದಾಗ ಗೇಟಿನ ಹತ್ತಿರ ಆರು ಮಕ್ಕಳು ಹಣೆಗೆ ನಾಮ ಹಾಕಿಕೊಂಡು, ಚೊಂಬು, ಬಟ್ಟಲು, ಪ್ಲಾಸ್ಟಿಕ್ ಡಬ್ಬಿ ಹಿಡಿದು "ಗೋವಿಂದಾ!" ಎಂದು ಕೂಗುತ್ತಾ ಬರುತ್ತಿದ್ದರು. ಹಿಂದೆ ನೀವು. ನಮ್ಮ ಮನೆಗಳಲ್ಲಿ ಶ್ರಾವಣ ಶನಿವಾರ ಹುಡುಗರು ನಾಮ ಹಾಕಿಕೊಂಡು ಐದು ಮನೆ ಬೇಡಿ ತಂದ ಅಕ್ಕಿಯಲ್ಲೇ ಅನ್ನ ಮಾಡಬೇಕು ತಾನೆ? ಎಷ್ಟೇ ಇದ್ದವರಾದರೂ ಆ ದಿನ ಬೇಡಬೇಕು. ನಿಮ್ಮ ಮಗನಿಗೆ ಅಂದು ಡ್ಯೂಟಿ. ಬೇಡಲು ನಿಮಗೆ ಮಕ್ಕಳು ಬೇಕಿದ್ದರು, ಅಲ್ಲಿ ಬೇಕಾದಷ್ಟು ಮಕ್ಕಳಿದ್ದರು. ಐದು ಮಕ್ಕಳು ನಗುತ್ತಿದ್ದರು. ಆರನೆಯವಳು ಅಕಿನ್ಯಿ, ಒಂಬತ್ತು ವರ್ಷದವಳು. ಅವಳು ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, ನಲ್ಲಿಯ ಹತ್ತಿರ ಹೋಗಿ ಹಣೆ ತೊಳೆದುಕೊಂಡು ಒಳಗೆ ಹೋದಳು.

ಅವತ್ತು ನಾನು ನಿಮ್ಮ ಮೇಲೆ ಕೂಗಿದೆ. "ಇದು ಚರ್ಚಿನವರು ಕಟ್ಟಿದ ಮನೆ ಅತ್ತಮ್ಮ. ನಾನು ಇಲ್ಲಿ ಒಂದು ಊದಿನಕಡ್ಡಿ ಸಹ ಹಚ್ಚಿಲ್ಲ. ನೀವು ಹೀಗೆ ಮಾಡಿದ್ರೆ ನಾಳೆ ನನ್ನನ್ನ ಇಲ್ಲಿಂದ ಕಳಿಸ್ತಾರೆ!" ನೀವು ಚೊಂಬಿನ ಹಿಟ್ಟನ್ನು ಮೊರಕ್ಕೆ ಸುರಿಯುತ್ತಾ, "ಕಳಿಸ್ಲಿ ಬಿಡು, ಊರಿಗೆ ಬರ್ತೀಯ" ಎಂದಿರಿ. ಆಗ ನಿಮ್ಮನ್ನು… ಇರಲಿ. ಆಗ ನನಗೆ ಏನನ್ನಿಸಿತು ಎಂದು ಈಗ ಬರೆಯುವುದರಿಂದ ಏನೂ ಬದಲಾಗುವುದಿಲ್ಲ.

ಸೋಮವಾರ ಮಕ್ಕಳ ಮನೆಯ ಕಮಿಟಿ ಸಭೆಗೆ ನಾನೂ ಬರುತ್ತೇನೆಂದು ನೀವು ಹಟ ಹಿಡಿದಿರಿ. ಚರ್ಚಿನ ನಾಲ್ವರು ಹೆಂಗಸರು, ಅವರ ಮಧ್ಯೆ ಕಮಿಟಿಯ ಹಿರಿಯ ಸ್ಯಾಮ್ಯುಯೆಲ್. ರಿಟೈರಾದ ಮೇಷ್ಟ್ರು, ದನಿ ಎತ್ತರಿಸುವವರಲ್ಲ. ನಾಮದ ವಿಷಯಕ್ಕೆ ಬೈಗುಳ ಕಾದಿದೆ ಎಂದು ನಾನು ಉತ್ತರ ಹೊಂದಿಸಿಕೊಂಡು ಹೋಗಿದ್ದೆ. ಅವರು ಹೇಳಿದ್ದೇ ಬೇರೆ. "ಹಣೆಯ ಮೇಲಿನದು ನೀರು ಹಾಕಿದರೆ ಹೋಗುತ್ತದೆ. ಆದರೆ ಈ ಮಕ್ಕಳಲ್ಲಿ ಕೆಲವರು ಬೇಡಿ ಬದುಕಿದವರು. ಕೈಯೊಡ್ಡುವುದನ್ನು ಮರೆಸಲು ನಮಗೆ ವರ್ಷಗಳು ಹಿಡಿದವು. ನಿಮ್ಮ ಅತ್ತೆ ಒಂದೇ ಬೆಳಿಗ್ಗೆಯಲ್ಲಿ ಅವರ ಕೈಗೆ ಮತ್ತೆ ಪಾತ್ರೆ ಕೊಟ್ಟರು."

"ಏನಂದ್ರು? ಇದ್ದದ್ದು ಇದ್ದಂಗೆ ಹೇಳು, ಬೆಣ್ಣೆ ಹಚ್ಬೇಡ" ಎಂದಿರಿ. ಹೇಳಿದೆ. ನೀವು ಸ್ವಲ್ಪ ಹೊತ್ತು ಸೆರಗಿನ ತುದಿಯನ್ನು ಸುತ್ತಿದಿರಿ, ಬಿಚ್ಚಿದಿರಿ.

"ಆ ಉದ್ದ ಕತ್ತಿನ ಪಿಲ್ಲ ಎರಡು ದಿನದಿಂದ ನನ್ನ ಹತ್ರ ಬರ್ತಿಲ್ಲ. ಇದಕ್ಕೇನಾ?"

"ಇದಕ್ಕೇ. ಅಕಿನ್ಯಿ ಬಸ್ ಸ್ಟ್ಯಾಂಡಲ್ಲಿ ತಟ್ಟೆ ಹಿಡಿದು ಬೆಳೆದವಳು ಅತ್ತಮ್ಮ."

"ನಂಗ್ಯಾಕೆ ಹೇಳ್ಲಿಲ್ಲ ನೀನು?"

"ನೀವು ಕೇಳಲಿಲ್ಲ."

ಅದು ಖಾರದ ಮಾತು ಎಂದು ಗೊತ್ತಿದ್ದೇ ಆಡಿದೆ. ಅಷ್ಟರಲ್ಲಿ ಒಬ್ಬ ಹೆಂಗಸು, ನಾನು ಒಂದೋ ದೀಕ್ಷಾಸ್ನಾನ ತೆಗೆದುಕೊಂಡು ಕ್ರೈಸ್ತಳಾಗಬೇಕು, ಇಲ್ಲವೇ ಈ ಕೆಲಸ ಬಿಡಬೇಕು ಎಂದರು. ಇನ್ನಿಬ್ಬರು ತಲೆಯಾಡಿಸಿದರು. ಅದನ್ನೂ ನಿಮಗೆ ಹೇಳಿದೆ. ನಿಮಗೆ ಬೇಕಾದದ್ದೇ ಆಗುತ್ತಿತ್ತು. ನಾನು ಊರಿಗೆ ಬರುವುದು. ಸುಮ್ಮನಿದ್ದರೆ ಸಾಕಾಗಿತ್ತು. ಆದರೆ ನೀವು ಎದ್ದು ನಿಂತಿರಿ. "ಇವಳದ್ದೇನೂ ತಪ್ಪಿಲ್ಲ ಅಂತ ಹೇಳು. ಇವಳಿಗೆ ಗೊತ್ತೇ ಇರ್ಲಿಲ್ಲ ಅಂತ ಹೇಳು. ನನ್ನ ಹೆಸರು ಹಿಡಿದು ಹೇಳು, ನರಸಮ್ಮ ತಪ್ಪು ಮಾಡಿದ್ಲು ಅಂತ." ಹದಿನಾರು ವರ್ಷ ನಿಮ್ಮ ಸೊಸೆಯಾಗಿದ್ದ ನಾನು ನಿಮ್ಮ ಬಾಯಲ್ಲಿ ತಪ್ಪು ಎಂಬ ಮಾತು ಕೇಳಿದ್ದು ಅದೇ ಮೊದಲು. ಅದನ್ನು ಸ್ವಾಹಿಲಿಯಲ್ಲಿ ಹೇಳುವಾಗ ನಾನೇ ಎರಡು ಸಲ ತಡವರಿಸಿದೆ. ಸ್ಯಾಮ್ಯುಯೆಲ್ ನಿಮ್ಮನ್ನೇ ನೋಡುತ್ತಿದ್ದರು. ಕೊನೆಗೆ, ಒಂದು ತಿಂಗಳು ನೋಡೋಣ ಎಂದು ಸಭೆ ಮುಗಿಸಿದರು.

ಮುಂದಿನ ಶನಿವಾರ ನೀವು ಸ್ನಾನ ಮಾಡಿ, ಚೊಂಬಿಗೆ ನಾಮ ಬಳಿದು, ಒಬ್ಬರೇ ಹೊರಟಿರಿ. "ಹೆಂಗಸು, ಅದೂ ಈ ವಯಸ್ಸಲ್ಲಿ ಬೇಡೋಕೆ ಹೋಗೋದಾ ಅತ್ತಮ್ಮ?" ಅಂದೆ. "ನನ್ನ ದೇವರು, ನಾನು ಬೇಡ್ತೀನಿ. ಇನ್ನೊಬ್ಬರ ಮಕ್ಕಳ ಕೈಲಿ ಯಾಕೆ ಬೇಡಿಸ್ಲಿ?" ಎಂದಿರಿ. ನಾನು ಹತ್ತು ಹೆಜ್ಜೆ ಹಿಂದೆ ಬಂದೆ. ಫಾರ್ಮಿನ ಕೆಲಸಗಾರರ ಲೈನ್ ಮನೆಗಳಲ್ಲಿ ಎರಡು, ರೂತಮ್ಮನ ಮನೆ ಮೂರು. ನಾಲ್ಕನೆಯದು ಸ್ಯಾಮ್ಯುಯೆಲ್ ಮನೆ. ಬೇಕೆಂದೇ ಹೋದಿರೋ, ದಾರಿಯಲ್ಲಿತ್ತೆಂದು ಹೋದಿರೋ? ಅವರು ಬಾಗಿಲಲ್ಲಿ ಬಹಳ ಹೊತ್ತು ನಿಂತರು. ಒಳಗೆ ಹೋಗಿ, ಒಂದು ಲೋಟ ಹುರುಳಿಕಾಯಿ ಬೀಜ ತಂದು, ಎರಡು ಕೈಯಿಂದ ಸುರಿದರು.

ಐದನೆಯದಾಗಿ ನೀವು ನಮ್ಮ ಮಕ್ಕಳ ಮನೆಯ ಬಾಗಿಲಿಗೇ ಬಂದು, ಹೊರಗೆ ನಿಂತು, ಮೆತ್ತಗೆ ಗೋವಿಂದ ಅಂದಿರಿ. ಮಕ್ಕಳು ಕಿಟಕಿಗೆ ಮುಗಿಬಿದ್ದರು. ಅಕಿನ್ಯಿ ಅಡುಗೆಮನೆಯಿಂದ ಒಂದು ಮಗ್ ಅಕ್ಕಿ ತಂದಳು. ಯಾರೂ ಹೇಳಿರಲಿಲ್ಲ. ಸುರಿಯುತ್ತಾ ಅರ್ಧಕ್ಕೆ ನಿಲ್ಲಿಸಿ ಏನೋ ಕೇಳಿದಳು.

"ಏನಂತಾಳೆ?"

"ಇಷ್ಟು ಸಾಕಾ ಅಂತ ಕೇಳ್ತಿದ್ದಾಳೆ."

"ಸಾಕು ಅಂತ ಹೇಳು. ಜಾಸ್ತಿನೇ ಆಯ್ತು ಅಂತ ಹೇಳು."

ಅವಳು ಉಳಿದದ್ದನ್ನೂ ಸುರಿದು ಒಳಗೆ ಹೋದಳು. ಜೋಳದ ಹಿಟ್ಟು, ಬೀಜ, ಅಕ್ಕಿ ಎಲ್ಲ ಸೇರಿಸಿ ನೀವು ಬೇಯಿಸಿದ್ದು ಅನ್ನವೂ ಆಗಿರಲಿಲ್ಲ, ಮುದ್ದೆಯೂ ಆಗಿರಲಿಲ್ಲ. ನಾವಿಬ್ಬರೇ ಪೂರ್ತಿ ತಿಂದೆವು. ನಿಮ್ಮ ಮಗ ಒಂದು ತುತ್ತು ತಿಂದು ಎದ್ದರು. ತಿಂಗಳು ಕಳೆಯಿತು. ದೀಕ್ಷಾಸ್ನಾನದ ಮಾತನ್ನು ಕಮಿಟಿಯಲ್ಲಿ ಯಾರೂ ಮತ್ತೆ ತೆಗೆಯಲಿಲ್ಲ, ನಾನೂ ಕೇಳಲಿಲ್ಲ.

ಏರ್‌ಪೋರ್ಟಿನಲ್ಲಿ ಒಳಗೆ ಹೋಗುವ ಮೊದಲು ನೀವು ನನ್ನನ್ನು ಪಕ್ಕಕ್ಕೆ ಕರೆದು ಕೇಳಿದಿರಿ: "ಅಲ್ಲಿ ಚರ್ಚಲ್ಲಿ ಕೂತ್ಕೊಂಡಾಗ ನೀನು ಯಾರನ್ನ ನೆನೀತೀಯ?" ಉತ್ತರಕ್ಕೆ ಕಾಯದೆ ಒಳಗೆ ಹೋದಿರಿ. ಆಮೇಲೆ ಎಷ್ಟೋ ಭಾನುವಾರ ನನ್ನನ್ನು ನಾನೇ ಗಮನಿಸಿ ನೋಡಿದ್ದೇನೆ. ಮಕ್ಕಳು ಹಾಡುವಾಗ ನಾನು ತಲೆ ಎಣಿಸುತ್ತಿದ್ದೆ. ಎಲ್ಲರೂ ಇದ್ದರೆ ಕಣ್ಣು ಮುಚ್ಚುತ್ತಿದ್ದೆ. ಆಗ ಒಳಗೆ ಪಟವೂ ಇರುತ್ತಿರಲಿಲ್ಲ, ಶಿಲುಬೆಯೂ ಇರುತ್ತಿರಲಿಲ್ಲ. ಅದನ್ನು ಪ್ರಾರ್ಥನೆ ಅನ್ನಬಹುದಾದರೆ…

ಹೋದ ವರ್ಷ ನೀವು ತೀರಿಕೊಂಡ ಸುದ್ದಿ ಬಂದಾಗ ಮಕ್ಕಳ ಮನೆಯಲ್ಲಿ ದಡಾರ ಎದ್ದಿತ್ತು. ಒಂಬತ್ತು ಮಕ್ಕಳು ಮಲಗಿದ್ದರು. ನಿಮ್ಮ ಮಗ ಊರಿಗೆ ಹೊರಟರು, ನಾನು ಉಳಿದೆ. ಆ ತೀರ್ಮಾನಕ್ಕೆ ಐದು ನಿಮಿಷವೂ ಬೇಕಾಗಲಿಲ್ಲ. ಅದಕ್ಕಾಗಿ ನಾನು ಪಶ್ಚಾತ್ತಾಪ ಪಟ್ಟೆ ಎಂದು ಬರೆದರೆ ಸುಳ್ಳಾಗುತ್ತದೆ. ಸ್ಯಾಮ್ಯುಯೆಲ್ ಮತ್ತು ಚರ್ಚಿನ ಹೆಂಗಸರು ಮೂರು ದಿನ ಬಂದು ಕೂತರು. ಅಲ್ಲಿಯ ರೂಢಿ ಅದು. ಬರುತ್ತಾರೆ, ಚಹಾ ಕಾಯಿಸಿ ನಮಗೂ ಕೊಡುತ್ತಾರೆ, ಹಾಡುತ್ತಾರೆ, ಹೋಗುತ್ತಾರೆ. ಪ್ರಾರ್ಥನೆಯ ಮಧ್ಯೆ ಸ್ಯಾಮ್ಯುಯೆಲ್ ನಿಮ್ಮ ಹೆಸರನ್ನು 'ನರಾಸಮ' ಎಂದರು. ನಾನು ತಿದ್ದಲಿಲ್ಲ.

ನಿನ್ನೆ ತಿಥಿಯಲ್ಲಿ ನಾನು ಎಡೆ ಬಡಿಸಲು ಎಲೆ ತೊಳೆಯುತ್ತಿದ್ದಾಗ, ನಿಮ್ಮ ಭಾವನ ಮಗ ಎಲ್ಲರ ಎದುರು, "ಅವಳು ಎಡೆ ಮುಟ್ಟೋದು ಬೇಡ. ಅಲ್ಲಿ ಯಾವ ದೇವರಿಗೆ ಕೈ ಮುಗೀತಿದ್ಲೋ ಯಾರಿಗೆ ಗೊತ್ತು. ಸತ್ತಾಗ್ಲೂ ಬರ್ಲಿಲ್ಲ" ಅಂದ. ನಿಮ್ಮ ಮಗ ಹಿತ್ತಲ ಕಡೆ ತಿರುಗಿದರು. ನಾನು ಎಲೆ ಕೆಳಗಿಟ್ಟೆ. ಆಗ ಮುಳಬಾಗಿಲಿನಿಂದ ಬಂದಿದ್ದ ನಿಮ್ಮ ತಂಗಿ ಪಾಪಮ್ಮ ಗೋಡೆ ಹಿಡಿದು ಎದ್ದರು. "ಏನ್ಲಾ ನಿಂದು? ಅಕ್ಕ ಸಾಯೋಕೆ ಮುಂಚೆ ಇದೇ ಮಾತು ನಾನೂ ಕೇಳಿದ್ದೆ. ಅಕ್ಕ ಏನಂದ್ಲು ಗೊತ್ತಾ? ನನ್ನ ಸೊಸೆ ದಿನಾ ಬೆಳಿಗ್ಗೆ ಇಪ್ಪತ್ಮೂರು ಮಕ್ಕಳ ತಲೆ ನೋಡ್ತಾಳೆ, ಅವಳ ದೇವರ ಲೆಕ್ಕ ನಾನೇ ಕೇಳಲ್ಲ, ನೀವ್ಯಾರು ಕೇಳೋಕೆ, ಅಂತ ಬೈದ್ಲು. ಬಡಿಸಮ್ಮ ನೀನು."

ಬಡಿಸಿದೆ. ಕೆಲವರು ಉಂಡರು, ಕೆಲವರು ಉಣ್ಣದೆ ಹೋದರು. ನನ್ನ ಮುಂದೆ ಒಂದು ದಿನವೂ ಹೇಳದ ಮಾತನ್ನು ತಂಗಿಗೆ ಹೇಳಿ ಹೋದಿರಲ್ಲ, ಅತ್ತಮ್ಮ. ನನಗೇ ಹೇಳಿದ್ದರೆ ಏನು ಹೋಗುತ್ತಿತ್ತು?

ನಿಮಗೆ ಗೊತ್ತಿಲ್ಲದ ಸುದ್ದಿ ಒಂದಿದೆ. ಫಾರ್ಮಿನವರ ಜೊತೆ ನಿಮ್ಮ ಮಗನ ಕರಾರು ಮುಗಿಯಿತು. ಮಕ್ಕಳ ಮನೆಯನ್ನು ಅಲ್ಲಿಯ ಟೀಚರ್ ಎಸ್ತರ್‌ಗೆ ಒಪ್ಪಿಸಿ ಬಂದಿದ್ದೇನೆ. ಮನೆ ಅವರದು, ಮಕ್ಕಳೂ ಅವರ ಮಕ್ಕಳೇ, ಅದು ಹಾಗೇ ಆಗಬೇಕಿತ್ತು. ಬಂದ ಮೇಲೆ ಒಂದು ಕೆಲಸದ ಮೇಲೆ ಫ್ಯಾಕ್ಟರಿಗಳಿರುವ ನರಸಾಪುರಕ್ಕೆ ಹೋಗಿದ್ದೆ. ಬೆಳಿಗ್ಗೆ ಆರು ಗಂಟೆಯ ಪಾಳಿಗೆ ಕಂಪನಿ ಬಸ್ಸುಗಳು ಸಾಲಾಗಿ ಬರುತ್ತವೆ. ಯಾವ ಯಾವ ರಾಜ್ಯದಿಂದಲೋ ಬಂದ ಹೆಣ್ಣುಮಕ್ಕಳು ಹತ್ತುತ್ತಾರೆ. ಅವರಲ್ಲಿ ಕೆಲವರು ಕೂಸುಗಳನ್ನು ಪಕ್ಕದ ರೂಮಿನವರಿಗೆ ಕೊಟ್ಟು, ಕೆಲವರು ರೂಮಿನೊಳಗೇ ಬಿಟ್ಟು ಬೀಗ ಹಾಕಿ ಬರುತ್ತಾರಂತೆ.

ಹೋದ ವಾರ ಅಲ್ಲೇ ಒಂದು ಹೆಂಚಿನ ಮನೆ ನೋಡಿದೆ. ಎರಡು ಕೋಣೆ, ಮುಂದೆ ಒಂದು ಬೇವಿನ ಮರ, ನೀರಿಗೆ ತೊಂದರೆ ಇಲ್ಲ. ಹಗಲು ಮಕ್ಕಳನ್ನು ನೋಡಿಕೊಳ್ಳಲು ಎಂದಾಗ ಮನೆಯ ಯಜಮಾನ ಬೀಗದಕೈಯನ್ನು ಬೆರಳಲ್ಲೇ ತಿರುಗಿಸುತ್ತಾ ಕೇಳಿದ: "ಯಾವ ಜನದ ಮಕ್ಕಳು ಬರ್ತಾವೆ ಮೇಡಂ? ಯಾವ ದೇವ್ರೋರು?"

"ಇನ್ನೂ ಯಾರೂ ಬಂದಿಲ್ಲ ಕಣಪ್ಪ," ಅಂದೆ. "ಬಂದ ಮೇಲೆ ಹೆಸರು ಕೇಳ್ತೀನಿ, ಹಾಲು ಕುಡಿದ್ಯಾ ಅಂತ ಕೇಳ್ತೀನಿ. ಅಷ್ಟೇ."

ಅವನ ಬೆರಳಲ್ಲಿ ತಿರುಗುತ್ತಿದ್ದ ಬೀಗದಕೈ ನಿಂತಿತು. ಅದನ್ನು ನನ್ನ ಕೈಗೆ ಕೊಟ್ಟ. ಸೋಮವಾರದಿಂದ ಸುಣ್ಣ ಬಳಿಯುವುದು.

ನಿಮ್ಮ ಸೊಸೆ,
ಭಾಗ್ಯ