ತೋಳಿನಲ್ಲಿ ಸಿಗದ ಕಡ್ಡಿ

ಕುಟುಂಬ ಯೋಜನಾ ಇಲಾಖೆಯ ಮಾನ್ಯ ನಿರ್ದೇಶಕರೇ,

ಗರ್ಭನಿರೋಧಕ ಕಡ್ಡಿಯನ್ನು ಹೆಂಗಸರ ತೋಳಿನಲ್ಲಿ ಇಡುವುದನ್ನು ತಾವು ನಮಗೆ ಅರ್ಧ ದಿನದಲ್ಲಿ ಕಲಿಸಿದಿರಿ. ತೆಗೆಯುವುದನ್ನು ಇಂದಿನವರೆಗೂ ಕಲಿಸಿಲ್ಲ. ನಾನು ಇಟ್ಟ ಒಂದು ಕಡ್ಡಿ ಬಟ್ಟೆ ಹೊಲಿದು ಬದುಕುವ ಹೆಂಗಸೊಬ್ಬರ ಎಡತೋಳಿನಲ್ಲಿ ಎಲ್ಲಿದೆಯೆಂದು ಈಗ ನನಗೂ ಗೊತ್ತಿಲ್ಲ, ನಮ್ಮ ಡಾಕ್ಟರಿಗೂ ಗೊತ್ತಿಲ್ಲ. ಮೂರು ಅರ್ಜಿ ಬರೆದೆ, ಉತ್ತರವಿಲ್ಲ. ಆದ್ದರಿಂದ ಈ ಪತ್ರವನ್ನು ಪತ್ರಿಕೆಗೆ ಕೊಡುತ್ತಿದ್ದೇನೆ.

ಓದುಗರಿಗಾಗಿ ಸ್ವಲ್ಪ ವಿವರಿಸುತ್ತೇನೆ. ಕಡ್ಡಿ ಬೆಂಕಿಕಡ್ಡಿಯಷ್ಟು ಉದ್ದ, ಮೆತ್ತಗೆ. ಅದರೊಳಗಿನ ಔಷಧ ಮೂರು ವರ್ಷ ಮೆಲ್ಲಗೆ ಮೈಗೆ ಸೇರುತ್ತದೆ, ಕೆಲವರಿಗೆ ರಕ್ತಸ್ರಾವ ತರುತ್ತದೆ. ತೋಳಿನ ಒಳಬದಿಯಲ್ಲಿ, ಚರ್ಮದ ಕೆಳಗೇ ಇಡಬೇಕು. ಸೂಜಿಯ ತುದಿಯಿಂದ ಚರ್ಮವನ್ನು ಎತ್ತಿ ಹಿಡಿದೇ ಮುಂದೆ ಸರಿಸಬೇಕು. ಕೊಂಚ ಆಳಕ್ಕೆ ಹೋದರೆ ಸ್ನಾಯು, ನರ. ಇಟ್ಟ ಮೇಲೆ ನಾವೂ ಆ ಹೆಂಗಸೂ ಬೆರಳಿನಿಂದ ಮುಟ್ಟಿ ನೋಡಬೇಕು. ಸರಿಯಾಗಿ ಇಟ್ಟರೆ ಒಳ್ಳೆಯ ಸಾಧನ, ಅದರ ಮೇಲೆ ನನಗೆ ತಕರಾರಿಲ್ಲ. ತಕರಾರಿರುವುದು ಅಭ್ಯಾಸಕ್ಕೆಂದು ತಾವು ಕಳಿಸಿದ ಫೋಮ್ ತೋಳಿನ ಮೇಲೆ. ಹನ್ನೊಂದು ನರ್ಸುಗಳಿಗೆ ಒಂದೇ ತೋಳು, ನನ್ನ ಸರದಿ ಕೊನೆಯದು. ಅಷ್ಟರಲ್ಲಿ ಅದರ ಮೇಲ್ಪದರ ಬಿಟ್ಟುಕೊಂಡಿತ್ತು, ಹತ್ತು ಜನ ಚುಚ್ಚಿದ ತೂತು ಅಗಲವಾಗಿತ್ತು. ಚರ್ಮ ಎತ್ತುವ ಕಷ್ಟವೇ ಬರಲಿಲ್ಲ, ಸೂಜಿ ತಾನಾಗಿ ಜಾರಿ ಒಳಗೆ ಹೋಯಿತು. "ಎಷ್ಟು ಹಗುರ ಕೈ ನೋಡಿ ಇವರದು!" ಎಂದು ತರಬೇತಿಯವರು ಚಪ್ಪಾಳೆ ತಟ್ಟಿಸಿದರು. ರಕ್ತ ಬಾರದ, ನೋವೆನ್ನದ, ಮನೆಗೆ ಹೋಗಿ ಮತ್ತೆ ತಿರುಗಿ ಬಾರದ ತೋಳುಗಳೇ ನಮ್ಮಲ್ಲಿಗೆ ಬರುತ್ತವೆಂದು ಇಲಾಖೆ ಭಾವಿಸಿತ್ತೇ?

ಮೊದಲ ಶಿಬಿರದಲ್ಲಿ ಮೂವತ್ತೆಂಟು ಹೆಂಗಸರು, ಎರಡು ಮಂಚ. ತಮ್ಮ ಮೇಲ್ವಿಚಾರಕರು ಬಾಗಿಲಲ್ಲಿ ನಿಂತು, "ಬೇಗ ಬೇಗ ಸಿಸ್ಟರ್, ಮುಟ್ಟಿ ನೋಡೋದೆಲ್ಲ ಆಮೇಲೆ, ಪಟ್ಟಿ ಕಟ್ಟಿ ಕಳಿಸಿ" ಎಂದರು. ಕಟ್ಟಿ ಕಳಿಸಿದೆ. ಹೇಳಿದವರು ಅವರು, ಕೇಳಿದವಳು ನಾನು. ಆ ತಪ್ಪನ್ನು ಬೇರೆ ಯಾರ ತಲೆಗೂ ಕಟ್ಟುವುದಿಲ್ಲ.

ಅವರಲ್ಲೊಬ್ಬರು, ನಾವೆಲ್ಲ 'ಹೊಲಿಗೆ ಅಕ್ಕ' ಎನ್ನುವ ಆಕೆ, ಎಂಟು ತಿಂಗಳ ನಂತರ ಬಂದರು. ಎರಡು ತಿಂಗಳಿಂದ ರಕ್ತಸ್ರಾವ ನಿಂತಿರಲಿಲ್ಲ, ಮುಖ ಬಿಳಿಚಿಕೊಂಡಿತ್ತು. ಡಾಕ್ಟರ್ ತೋಳನ್ನು ಒತ್ತಿ ಒತ್ತಿ ನೋಡಿದರು, ನಾನೂ ನೋಡಿದೆ. ಕಡ್ಡಿ ಸಿಗುತ್ತಿಲ್ಲ ಎಂದೆ.

"ಸಿಗ್ತಿಲ್ಲ ಅಂದ್ರೆ ಏನ್ ಸಿಸ್ಟರ್? ನಾನು ಬಟ್ಟೆಯೊಳಗೆ ಸೂಜಿ ಬಿಟ್ಟು ಗಿರಾಕಿಗೆ ಕೊಟ್ರೆ ಸುಮ್ನಿರ್ತಾರಾ?"

ಜೊತೆಗಿದ್ದ ನಾದಿನಿ, "ಅತ್ತಿಗೆ, ನಿಮ್ಮ ಸೂಜಿ ಹುಡುಕೋ ಅಯಸ್ಕಾಂತ ತಂದುಬಿಡ್ಲಾ?" ಎಂದಳು. ಎಲ್ಲರೂ ನಕ್ಕೆವು. ಪ್ಲಾಸ್ಟಿಕ್ಕಿನ ಕಡ್ಡಿ ಅಯಸ್ಕಾಂತಕ್ಕೂ ಸಿಗುವುದಿಲ್ಲ.

ಸ್ಕ್ಯಾನ್ ಮಾಡಿಸಿ ತೆಗೆಯಿರೆಂದು ದೊಡ್ಡಾಸ್ಪತ್ರೆಗೆ ಚೀಟಿ ಕೊಟ್ಟೆವು. ಎರಡು ಸಲವೂ "ಇಟ್ಟವರ ಹತ್ರಾನೇ ಹೋಗಿ" ಎಂದು ವಾಪಸ್ ಕಳಿಸಿದರು. ತಮ್ಮ ಕಚೇರಿಗೆ ಫೋನ್ ಮಾಡಿದೆ. "ತೆಗೆದಿದ್ದಕ್ಕೆ ನಮ್ಮ ನಮೂನೇಲಿ ಕಾಲಮ್ಮೇ ಇಲ್ಲ ಮೇಡಂ. ಔಷಧ ತಾನಾಗೇ ಮುಗಿಯುತ್ತೆ, ಅಲ್ಲೀವರೆಗೂ ಸಮಾಧಾನ ಹೇಳಿ" ಎಂಬ ಉತ್ತರ ಬಂತು. ಕಾಲಮ್ ಇಲ್ಲವೆಂದು ತಿಳಿಸಿದರೆ ರಕ್ತ ನಿಲ್ಲುತ್ತದೆಯೇ, ಮಾನ್ಯರೇ?

ಕಳೆದ ವಾರ ಹೊಲಿಗೆ ಅಕ್ಕನಿಗೆ ತಪ್ಪು ನನ್ನ ಕೈಯದೆಂದು ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ. "ಅದು ಗೊತ್ತು ಬಿಡಿ. ಸೋಮವಾರದ ಶಿಬಿರಕ್ಕೆ ನನ್ನ ನಾದಿನಿ ಹೆಸರು ಬರೆಸಿದ್ದಾಳೆ. ಅವಳಿಗೂ ನೀವೇ ಇಡೋದಾ?" ಎಂದು ಕೇಳಿದರು.

ಅವರ ಪ್ರಶ್ನೆಗೆ ಈಗ ಉತ್ತರ ಹೇಳುತ್ತಿದ್ದೇನೆ: ಇಲ್ಲ. ಮಾನ್ಯರೇ, ಈ ವಾರವೇ ಹೊಲಿಗೆ ಅಕ್ಕನಿಗೆ ಸ್ಕ್ಯಾನ್ ಮಾಡಿಸಿ, ಆಳದ ಕಡ್ಡಿ ತೆಗೆಯಬಲ್ಲ ವೈದ್ಯರಿಂದ ತೆಗೆಸಿ. ತೆಗೆಯುವುದನ್ನು ನಮಗೆ ಕಲಿಸಿ, ತೂತಿಲ್ಲದ ತೋಳಿನ ಮೇಲೆ. ಅಲ್ಲಿಯವರೆಗೆ ನಾನು ಕಡ್ಡಿಯ ಟ್ರೇ ತೆರೆಯುವುದಿಲ್ಲ. ನನ್ನ ಮೇಲೆ ಶಿಸ್ತುಕ್ರಮಕ್ಕೆ ತಮ್ಮ ನಮೂನೆಯಲ್ಲಿ ಕಾಲಮ್ ಇದ್ದೇ ಇರುತ್ತದೆ.

ಇಂತಿ,
ತಮ್ಮವರೇ ಚಪ್ಪಾಳೆ ತಟ್ಟಿಸಿದ ಹಗುರ ಕೈಯ ನರ್ಸ್