ಇಪ್ಪತ್ತರಲ್ಲಿ ಒಂದು

ಮಾರ್ಚ್ ೪, ಬೆಳಿಗ್ಗೆ ೭

ಕಾಫಿ ಆರಿತು. ರಿಪೋರ್ಟ್ ಇವತ್ತು ಕೊಡಲೇಬೇಕು.

ಇಪ್ಪತ್ತು ಹಳೆಯ ಆಂಜಿಯೋಗ್ರಾಮ್, ಹೃದಯದ ರಕ್ತನಾಳದ ಚಿತ್ರಗಳು. ಒಂದೊಂದನ್ನೂ ಎರಡು ಸಲ ಬೆಂಗಳೂರಿನ ಡಾ. ಅಂಬರೀಶರಿಗೆ ತೋರಿಸಿದೆವು. ಒಮ್ಮೆ ಒರಿಜಿನಲ್, ಒಮ್ಮೆ ನೆಟ್ಟಿನಲ್ಲಿ ಬೇಗ ಹೋಗಲೆಂದು ಫೈಲನ್ನು ಹದಿನೈದು ಪಟ್ಟು ಕುಗ್ಗಿಸಿದ್ದು. ಹೆಸರಿಲ್ಲ, ನಂಬರ್ ಮಾತ್ರ. ಹತ್ತೊಂಬತ್ತಕ್ಕೆ ಎರಡು ಸಲವೂ ಒಂದೇ ಉತ್ತರ. ಹದಿಮೂರನೆಯದಕ್ಕೆ ಮಾತ್ರ ಬೇರೆ. ಒರಿಜಿನಲ್‌ನಲ್ಲಿ ರಕ್ತನಾಳದ ಒಳಗೋಡೆ ಸೀಳಿದ ಕೂದಲೆಳೆಯಷ್ಟು ಗೀರು. ಕುಗ್ಗಿಸಿದ್ದರಲ್ಲಿ ಗೀರು ಇಲ್ಲ, 'ನಾರ್ಮಲ್'.

ಅವತ್ತು ಡಾಕ್ಟರಿಗೆ ಕಣ್ಣು ದಣಿದಿತ್ತೇನೋ. ಹಾಗೇ ಬರೆದೆ. ಕೊನೆಯ ಸಾಲು — ಗಣನೀಯ ವ್ಯತ್ಯಾಸ ಇಲ್ಲ. ಟೆಕ್ನಿಷಿಯನ್ ಎಂದು ಸಹಿ. ಎಂ.ಎಸ್ಸಿ. ಅಂತಲೂ ಹಾಕಿದೆ, ಕೇಳದಿದ್ದರೂ.

ಮ್ಯಾನೇಜ್‌ಮೆಂಟಿಗೆ ಖುಷಿಯಾಗುತ್ತದೆ. ಹೊಸೂರಿನ ನಮ್ಮ ಆಸ್ಪತ್ರೆಯಿಂದ ಬೆಂಗಳೂರಿಗೆ ಚಿತ್ರ ಇನ್ನು ನಿಮಿಷದಲ್ಲಿ ಹೋಗುತ್ತದೆ. ಒರಿಜಿನಲ್ ಇಲ್ಲಿನ ಮೆಷಿನ್ನಿನಲ್ಲೇ ಏಳು ದಿನ ಇರುತ್ತದೆ, ಆಮೇಲೆ ತಾನಾಗಿ ಅಳಿಯುತ್ತದೆ.

ಮಾರ್ಚ್ ೫

ಪದ್ಯದಲ್ಲಿ ಒಂದು ಮಾತ್ರೆ ಬಿದ್ದುಹೋದರೆ ಕಿವಿಗೆ ತಕ್ಷಣ ಗೊತ್ತಾಗುತ್ತದೆ. ಹದಿಮೂರನೆಯದು ನಿನ್ನೆಯಿಂದ ಹಾಗೆ ಕುಂಟುತ್ತಿದೆ. ಇರಲಿ.

ಜೂನ್ ೧೧

ಮೈದುನ ತಿಮ್ಮರಾಜು ಬಂದಿದ್ದ, ಬಾಗಲೂರಿಂದ. ಫ್ಯಾಕ್ಟರಿ ಶಿಫ್ಟಿನಲ್ಲಿ ಎದೆ ಹಿಡಿದಂತಾಯಿತಂತೆ. ನಲವತ್ತಮೂರು. ಬೀಡಿ ಇಲ್ಲ, ಕುಡಿತ ಇಲ್ಲ. ಟೇಬಲ್ ಮೇಲೆ ಮಲಗಿಸಿದಾಗಲೂ ಬಾಯಿ ಸುಮ್ಮನಿಲ್ಲ.

"ಅತ್ತಿಗೆ, ನನ್ನೆದೆ ಒಳಗೆ ಏನೇನೈತೆ ಅಂತ ನಿಮ್ಗೆ ಕಾಣ್ಸ್‌ಬುಟ್ರೆ ಕಲ್ಪನಾಗೆ ಹೇಳ್ಬುಡ್ಬೇಡಿ."

"ಅವಳಿಗೆ ಗೊತ್ತಿರೋದೇ ಇರತ್ತೆ ಬಿಡು."

ಹೊರಗೆ ಕೂತಿದ್ದ ಅವನ ಹೆಂಡತಿ ಕಲ್ಪನಾಗೂ ಕೇಳಿಸಿತು. ನಕ್ಕಳು.

ಆಂಜಿಯೋ ಮಾಡಿದ್ದು ನಮ್ಮ ಚಿಕ್ಕ ಡಾಕ್ಟರ್ ಮೋಹನ್. ಸೇಲಂನವರು, ಕೆಲಸಕ್ಕೆ ಸೇರಿ ವರ್ಷ ಆಗಿಲ್ಲ. ಮುಗಿಸಿ ಬಂದು ಮೆಲ್ಲಗೆ ಅಂದರು, ಒಂದು ಕಡೆ ಗೀರು ಕಂಡ ಹಾಗಾಯಿತು, ಖಚಿತವಿಲ್ಲ. ಅಂಬರೀಶ್ ಸರ್‌ಗೆ ಕುಗ್ಗಿಸಿದ ಚಿತ್ರ ಹೋಯಿತು. ಹತ್ತು ನಿಮಿಷದಲ್ಲಿ ಉತ್ತರ. ನಾರ್ಮಲ್. ಮಾತ್ರೆ ಸಾಕು.

"ಮೇಡಂ, ಒರಿಜಿನಲ್ ಅನುಪ್ಪಲಾಮಾ?"

ಒರಿಜಿನಲ್ ಕಳಿಸೋಣವಾ ಎಂದು ನನ್ನನ್ನೇ ಕೇಳಿದರು. ಕಳಿಸುವುದೆಂದರೆ ಡಿಸ್ಕ್ ಬರೆಯಬೇಕು, ಬಸ್ಸಿಗೆ ಕೊಡಬೇಕು, ಅವರು ಬಿಡುವಾದಾಗ ನೋಡಬೇಕು. ಎರಡು ದಿನ.

"ವೇಂಡಾಂ, ಬೇಡ ಡಾಕ್ಟರ್. ನಾನೇ ಟೆಸ್ಟ್ ಮಾಡಿದ್ದೀನಿ. ವ್ಯತ್ಯಾಸ ಇರಲ್ಲ."

ಅವರು ತಲೆಯಾಡಿಸಿದರು. ನನ್ನ ವಯಸ್ಸಿಗೆ ಕೊಟ್ಟ ಮರ್ಯಾದೆ.

ಜೂನ್ ೧೨

ತಿಮ್ಮರಾಜು ಮನೆಗೆ ಹೋದ. ಅತ್ತೆ ಪಿಳ್ಳಮ್ಮ ಬೀದಿಗೆಲ್ಲ ಹೇಳಿಕೊಂಡು ಬಂದರು — "ನಮ್ ದೊಡ್ಡ ಸೊಸೆ ಅಲ್ಲೇ ಅವ್ಳೆ, ಎಲ್ಲಾ ನೋಡ್ಕೊಂಡ್ಳು."

ಜೂನ್ ೨೧, ಸಂಜೆ

ಹೋಗಿಬಿಟ್ಟ.

ನಿನ್ನೆ ಮಧ್ಯಾಹ್ನ, ಫ್ಯಾಕ್ಟರಿ ಬಸ್ಸಿಗೆ ನಿಂತಿದ್ದಾಗ. ನಮ್ಮಲ್ಲಿಗೇ ತಂದರು. ನಾನೇ ಗುರುತಿಸಿದೆ. ಜೇಬಿನಲ್ಲಿ ನಾವು ಕೊಟ್ಟ ಮಾತ್ರೆ, ಹಾಳೆಯಲ್ಲಿ ಎಂಟು ಖಾಲಿ. ಒಂದು ದಿನವೂ ತಪ್ಪಿಸಿರಲಿಲ್ಲ.

ಜೂನ್ ೨೩

ಮೆಷಿನ್ ತೆರೆದೆ. ಹನ್ನೊಂದನೆಯ ತಾರೀಕಿನದು ಇಲ್ಲ. ಏಳು ದಿನ ಎಂದು ಇಟ್ಟವಳು ನಾನು. ಹದಿನೆಂಟಕ್ಕೆ ಅಳಿದಿದೆ.

ಕುಗ್ಗಿಸಿದ್ದು ಇದೆ. ನೋಡಿದೆ. ನಲವತ್ತು ಸಲ ನೋಡಿರಬಹುದು. ನಯವಾಗಿದೆ, ಹಾಲು ಹರಿದ ಹಾಗೆ. ಗೀರು ಇತ್ತೋ ಇರಲಿಲ್ಲವೋ ಇನ್ನು ಯಾರೂ ಹೇಳಲಾರರು. ಮೋಹನ್ ಪಕ್ಕದಲ್ಲಿ ನಿಂತಿದ್ದರು. ತಾವೇ ಪರದೆ ಆರಿಸಿದರು. ಬೈದಿದ್ದರೆ...

ಜೂನ್ ೨೮

ಆಸ್ಪತ್ರೆಯವರು ಕಲ್ಪನಾಗೆ ಪತ್ರ ಕೊಟ್ಟರು. ಚಿತ್ರದ ಗುಣಮಟ್ಟ ಪರೀಕ್ಷಿಸಿ ದೃಢಪಡಿಸಲಾಗಿದೆ, ವರದಿ ಲಗತ್ತಿಸಿದೆ. ಲಗತ್ತಿಸಿದ್ದು ನನ್ನ ಮಾರ್ಚ್ ತಿಂಗಳ ವರದಿ. ಕಲ್ಪನಾಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಸಹಿ ಗುರುತು ಸಿಕ್ಕಿತು.

"ನಿಮ್ದೇ ಅಲ್ವಾ ಅಕ್ಕ? ಹಂಗಾದ್ರೆ ಎಲ್ಲಾ ಸರೀಗೇ ಮಾಡವ್ರೆ."

ಪತ್ರವನ್ನು ಮಡಿಸಿ ದೇವರ ಗೂಡಿನಲ್ಲಿಟ್ಟಳು.

ಜುಲೈ ೯, ಸಂಜೆ ೫

ಅತ್ತೆಗೆ ಹೇಳಿಬಿಟ್ಟೆ.

ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದರು. ಹೇಗೆ ಹೇಳುವುದು? ಅತ್ತೆ ಪ್ರಾಯದಲ್ಲಿ ಗೂಡಿನಿಂದ ರೇಷ್ಮೆ ನೂಲು ಬಿಚ್ಚುತ್ತಿದ್ದವರು. ಹಾಗೆಯೇ ಹೇಳಿದೆ. ಇಪ್ಪತ್ತು ಗೂಡು ಪರೀಕ್ಷೆ ಮಾಡಿದೆವು ಅತ್ತೆ, ಹತ್ತೊಂಬತ್ತು ಸರಿ ಬಂತು, ಒಂದರ ಎಳೆ ಕಿತ್ತುಹೋಯಿತು. ನಾನು ಎಲ್ಲಾ ಸರಿ ಅಂತ ಬರೆದೆ. ತಿಮ್ಮರಾಜುದೂ ಆ ಒಂದರ ಹಾಗೆ ಇದ್ದಿರಬಹುದು.

ಅತ್ತೆಯ ಕೈ ನಿಲ್ಲಲಿಲ್ಲ. ನಾಲ್ಕು ಕಾಯಿ ಬಿಡಿಸಿದರು.

"ಎಳೆ ಕಿತ್ತೋದ್ರೆ ನಾವು ರಾಟೆ ನಿಲ್ಲಿಸ್ತಿದ್ವಿ ಕಣಮ್ಮ. ಬಿಸಿನೀರಿಗೆ ಕೈ ಇಕ್ಕಿ ಎಳೆ ಹುಡುಕ್ತಿದ್ವಿ. ಓದ್ದೋರಲ್ಲ ನೋಡು, ನಾವು."

ಆಮೇಲೆ, ತಲೆ ಎತ್ತದೆ —

"ಆ ಒಂದು ಯಾರ್ದು?"

ಗೊತ್ತಿಲ್ಲ ಅಂದೆ. ನಂಬರ್ ಅಷ್ಟೇ ಇತ್ತು, ಹದಿಮೂರು.

"ಹೆಸ್ರೂ ನೋಡ್ಲಿಲ್ವಾ."

ಅದು ಪ್ರಶ್ನೆಯಾಗಿರಲಿಲ್ಲ. ಬುಟ್ಟಿ ಎತ್ತಿಕೊಂಡು ಒಳಗೆ ಹೋದರು. ಮಧ್ಯಾಹ್ನ ಊಟಕ್ಕೆ ಕರೆಯಲಿಲ್ಲ.

ಜುಲೈ ೧೦, ಮಧ್ಯಾಹ್ನ ೩

ಹಳೆಯ ರಿಜಿಸ್ಟರ್ ತೆಗೆಸಿದೆ. ಹದಿಮೂರು — ಗೋವಿಂದಮ್ಮ, ೬೧, ರಾಯಕೋಟೆ. ಎರಡು ವರ್ಷದ ಹಿಂದಿನದು. ಆಗ ಕುಗ್ಗಿಸುವ ಪದ್ಧತಿ ಇರಲಿಲ್ಲ. ಡಿಸ್ಕ್ ಬಸ್ಸಿನಲ್ಲಿ ಹೋಗಿದೆ, ಎರಡು ದಿನ ತಡವಾಗಿ ಉತ್ತರ ಬಂದಿದೆ, ಅವತ್ತೇ ಸ್ಟೆಂಟ್ ಹಾಕಿದ್ದಾರೆ. ಫೋನ್ ನಂಬರ್ ಇದೆ.

ಮಾಡಿದೆ. ಅವರೇ ಎತ್ತಿದರು. ಹಿಂದೆ ಸಂತೆಯ ಗದ್ದಲ.

"ಆಸ್ಪತ್ರೆಯಿಂದಾನಾ? ಚೆನ್ನಾಗಿವ್ನಿ ಕಣವ್ವ. ಟೊಮೇಟ ತಂದಿವ್ನಿ, ನಾನೇ ಹೊತ್ಕೊಂಡು. ಏನು ಇಸ್ಯ?"

ಸುಮ್ಮನೆ ವಿಚಾರಿಸಲು ಮಾಡಿದೆ ಎಂದೆ.

"ಎರಡು ವರ್ಸಕ್ಕಾದ್ರೂ ನೆಪ್ಪು ಮಾಡ್ಕೊಂಡ್ರಲ್ಲ. ನಿಮ್ಮಂತೋರು ಇರ್ಬೇಕು ತಾಯಿ."

ಬದುಕಿದ್ದಾರೆ. ಬುಟ್ಟಿ ಹೊರುತ್ತಿದ್ದಾರೆ. ಆ ಗೀರು ನಿಜವಾಗಿಯೂ ಇತ್ತು. ಡಾಕ್ಟರ ಕಣ್ಣು ದಣಿದಿರಲಿಲ್ಲ.

ಇದನ್ನು ಅತ್ತೆಗೆ ಹೇಳಬೇಕು. ಹೆಸರು ಕೇಳಿದ್ದರಲ್ಲ. ಆ ಒಂದು ಬದುಕಿದೆ ಅತ್ತೆ, ಎರಡು ದಿನ ಕಾದಿದ್ದಕ್ಕೆ ಬದುಕಿದೆ, ನಾವೂ ಎರಡು ದಿನ ಕಾದಿದ್ದರೆ...