ಮೀನೆಣ್ಣೆಯ ವಿಚಾರವಾಗಿ ಅತ್ತೆಮ್ಮನಿಗೆ

ಅತ್ತೆಮ್ಮ,

ನಿಮಗೆ ಓದು ಬರುತ್ತಿರಲಿಲ್ಲ ಅಂತ ಗೊತ್ತಿದ್ದೂ ಬರೆಯಲು ಕೂತಿದ್ದೇನೆ ನೋಡಿ. 'ಓದ್ದೋಳು ಬಂದ್ಲು, ದಾರಿ ಬುಡಿ' ಎಂದು ನನ್ನನ್ನು ಆಡಿಕೊಳ್ಳುತ್ತಿದ್ದಿರಲ್ಲ, ಆ ಓದಿದವಳಿಗೆ ಈಗ ಏನು ಮಾಡಬೇಕೋ ತೋಚುತ್ತಿಲ್ಲ. ಮಾವನವರು ಅಲ್ಲೇ ಇದ್ದಾರಲ್ಲ, ಅವರಿಂದ ಓದಿಸಿಕೊಳ್ಳಿ. ಬೈಯಬೇಕು ಅನ್ನಿಸಿದರೆ ಪೂರ್ತಿ ಕೇಳಿಸಿಕೊಂಡು ಬೈಯಿರಿ. ನಾಳೆ ಬೆಳಿಗ್ಗೆ ನಾನು, ನಿಮ್ಮ ಮಗ, ನಿಮ್ಮ ಮೊಮ್ಮಗಳು ಗೌರಿ, ಮೂವರೂ ಸಮುದ್ರದ ದಡದ ಒಂದು ಊರಿಗೆ ಹೊರಟಿದ್ದೇವೆ. ಮೀನು ಹಿಡಿಯುವವರ ಊರು. ಎಂಟು ದಿನ ಅಲ್ಲೇ ಇರುವುದಂತೆ. ಕೇಳಿ ಎದೆ ಧಸಕ್ಕೆಂದಿತೆ? ನನ್ನದೂ ಹಾಗೇ ಆಗಿದೆ.

ಆ ಮೊದಲನೇ ಶೀಸೆ ಬಂದ ದಿನ ನೆನಪಿದೆಯಾ? ಗೌರಿಗೆ ಮೂರು ತುಂಬುತ್ತಾ ಬಂದರೂ ಕಾಲೂರಿ ನಿಲ್ಲುತ್ತಿಲ್ಲವಲ್ಲ ಎಂದು ಚಾಮರಾಜನಗರದ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆವು. ಮೂಳೆ ಮೆತ್ತಗಿದೆ, ಅದಕ್ಕೇ ಕಾಲು ಸೊಟ್ಟಗಾಗುತ್ತಿದೆ, ಮಗುವನ್ನು ಬಿಸಿಲಿಗೆ ಬಿಡಿ, ದಿನಾ ಒಂದು ಚಮಚ ಈ ಎಣ್ಣೆ ಕುಡಿಸಿ ಎಂದು ಕೊಟ್ಟಿದ್ದರು. ನೀವು ಬಿರಡೆ ತೆಗೆದು ಮೂಸಿದಿರಿ.

"ಏನ್ ಕಣಮ್ಮಿ ಇದು?"

"ಮೀನೆಣ್ಣೆ ಅತ್ತೆಮ್ಮ."

"ಮೀನಾ! ಲಿಂಗ ಕಟ್ಕಂಡಿರೋ ಕೂಸ್ಗೆ ಮೀನಾ!"

ಶೀಸೆ ತಿಪ್ಪೆಗೆ ಹೋಯಿತು. ನೀವು ಸ್ನಾನಕ್ಕೆ ಹೋದಿರಿ. ನನಗೆ ಬಂದ ಸಿಟ್ಟು ಎಷ್ಟೆಂದು ಹೇಳಲಾರೆ, ಅವತ್ತು ಸಾರಿಗೆ ಉಪ್ಪು ಹಾಕುವುದನ್ನೇ ಮರೆತೆ. ಆದರೆ ಅದೇ ಸಂಜೆ ನೀವು ಬಾಗಿಲು ಮುಂದೆ ಮಾಡಿ, ಯಾರ ಕಣ್ಣೂ ಬೀಳದ ಹಾಗೆ ನಡುಮನೆಯ ಮೂಲೆಯಲ್ಲಿ ಕೂತು, ಹರಳೆಣ್ಣೆ ಬೆಚ್ಚಗೆ ಮಾಡಿ ಅವಳ ಕಾಲು ನೀವುತ್ತಿದ್ದಿರಿ. ನೀವುತ್ತಾ ಅಳುತ್ತಿದ್ದಿರಿ. ಆ ಕೈಯನ್ನೂ ಶೀಸೆ ಎಸೆದ ಕೈಯನ್ನೂ ಹೇಗೆ ಹೊಂದಿಸಲಿ ಅತ್ತೆಮ್ಮ? ಇವತ್ತಿಗೂ ನನಗೆ ಹೊಂದುತ್ತಿಲ್ಲ.

ಕೊನೆಗೆ ನೀವು ಹಾಸಿಗೆ ಹಿಡಿದಾಗ ನಿಮ್ಮ ಮಗನ ಕೈ ಹಿಡಿದುಕೊಂಡು ಕೇಳಿದ್ದೂ ಅದನ್ನೇ. "ಮೀನು ಈ ಹೊಸ್ಲು ದಾಟಕೂಡ್ದು ಕಣ್ಲಾ. ಶೀಸೇಲೂ ದಾಟಕೂಡ್ದು. ಮಾತ್ ಕೊಡು." ಅವರು ಕೊಟ್ಟರು. ಸಾಯುವ ತಾಯಿ ಕೇಳಿದರೆ ಯಾವ ಮಗ ಇಲ್ಲ ಅಂತಾನೆ? ನಾನು ಬಾಗಿಲ ಹತ್ತಿರ ಗೌರಿಯನ್ನು ಸೊಂಟದ ಮೇಲೆ ಕೂರಿಸಿಕೊಂಡು ನಿಂತಿದ್ದೆ. ನೀವು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ನಾನೇನಾದರೂ...

ನೀವು ಹೋದ ಮೇಲೆ ಒಂದು ಸಂತೆಯ ದಿನ ಮೊಯಿದೀನ್ ಕಾಕ ನಮ್ಮ ಜಗಲಿಗೆ ಬಂದ. ಗೊತ್ತಲ್ಲ, ತೆಂಗಿನಕಾಯಿ ತಂದು ಇಳಿಸಿ, ನಮ್ಮಿಂದ ಹುರುಳಿ ತುಂಬಿಕೊಂಡು ಹೋಗುವ ಮಲಯಾಳದವನು. ನೀವು ಅವನಿಗೆ ಮಜ್ಜಿಗೆಯನ್ನು ಬೇರೆ ಲೋಟದಲ್ಲಿ ಕೊಡುತ್ತಿದ್ದಿರಿ, ಆದರೆ ತುಂಬಿಸಿ ಕೊಡುತ್ತಿದ್ದಿರಿ. ಗೌರಿ ಜಗಲಿಯ ಮೇಲೆ ಕುಂಡಿ ಎಳೆದುಕೊಂಡು ಹೋಗುವುದನ್ನು ಕಂಡು ಅವನು ಮರುಗಿದ. "ನಮ್ಮ ಊರ್ನಲ್ಲಿ ಮಕ್ಳೆಲ್ಲಾ ಮಣಲ್, ಮರಳ್ ಮೇಲೆ ಓಡ್ತದೆ ಅಮ್ಮಾ. ಕಡಲ್ ಗಾಳಿ ನಲ್ಲ ಗಾಳಿ, ಒಳ್ಳೆ ಗಾಳಿ. ಎಂಟು ದಿವಸಂ ಬಂದು ನಿಲ್ಲಿ. ನನ್ನ ಕಾಯಿ ಮಂಡಿ ಮೇಲೆ ರೂಮ್ ಖಾಲಿ ಉಂಟು," ಎಂದ. ಅವನ ಊರು ಕೊಯಿಲಾಂಡಿ. ಗುಂಡ್ಲುಪೇಟೆಯಿಂದ ಬಸ್ಸು ಹತ್ತಿ ಬತ್ತೇರಿ ದಾಟಿ ಘಾಟಿ ಇಳಿದರೆ ಕಲ್ಲಿಕೋಟೆ, ಅಲ್ಲಿಂದ ಮುಂದೆ. ಮೊನ್ನೆಮೊನ್ನೆವರೆಗೆ ಮದ್ರಾಸಿಗೆ ಸೇರಿತ್ತು, ಈಗ ಕೇರಳವಂತೆ.

ಅವತ್ತಿನಿಂದ ನಿಮ್ಮ ಮಗನ ತಲೆಯಲ್ಲಿ ಒಂದು ಹುಳ ಹೊಕ್ಕಿತು. "ನೋಡಮ್ಮಿ, ಊರ್ಗೂರೇ ಮೀನು. ಗಾಳೀಲೂ ಅದೇ, ನೀರಲ್ಲೂ ಅದೇ. ಎಣ್ಣೇಲಿ ಏನೈತೋ ಅದು ಆ ಗಾಳೀಲೂ ಇರ್ಬೇಕು. ಬಾಯ್ಗೆ ಮುಟ್ಸದೆ ಮೂಗ್ನಲ್ಲಿ ತಕ್ಕಂಡ್ರೆ ದೋಷ ಇಲ್ಲ." ನಗಬೇಡಿ ಅತ್ತೆಮ್ಮ. ಓದಿದವಳು ನಾನೂ ತಲೆ ಆಡಿಸಿದೆ. ನಿಮ್ಮ ಮಾತೂ ಉಳಿಯುತ್ತದೆ, ಕೂಸಿನ ಕಾಲೂ ಉಳಿಯುತ್ತದೆ ಅನ್ನುವುದಾದರೆ ಯಾರಾದರೂ ಬೇಡ ಅಂತಾರಾ?

ಅಲ್ಲಿಂದ ಶುರುವಾಯಿತು ನೋಡಿ ಹೊರಡುವ ತಯಾರಿ. ರಾಗಿ ಹಿಟ್ಟು, ಹುರುಳಿ, ಹುಣಸೆಹಣ್ಣು ಕಟ್ಟಿದ್ದಾಯಿತು. ಪಾತ್ರೆ ಪಡಗ ನಮ್ಮವೇ. ಲಿಂಗಪೂಜೆಗೆ ಬಿಲ್ವಪತ್ರೆ? ಎಂಟು ದಿನಕ್ಕಾಗುವಷ್ಟು ಕಿತ್ತು ಹಸಿ ಬಾಳೆಪಟ್ಟೆಯಲ್ಲಿ ಸುತ್ತಿದೆ. ಲಿಂಗಕ್ಕೆ ಮಜ್ಜನ ಮಾಡಿಸುವ ನೀರು? ಅಲ್ಲಿ ಬಾವಿಯಿದೆ, ಆದರೆ ಅದು ಕಾಕನ ಬಾವಿ. ಸಮುದ್ರದ ನೀರು ಆಗುತ್ತದೋ ಇಲ್ಲವೋ ಎಂದು ಅಯ್ನೋರನ್ನು ಕೇಳಲು ಮಠಕ್ಕೆ ಹೋದೆವು. ಅವರು ಬಹಳ ಹೊತ್ತು ಕಣ್ಣು ಮುಚ್ಚಿಕೊಂಡಿದ್ದರು. ಆಮೇಲೆ, "ನಾನು ಆ ಕಡೀಕ್ ಓಗಿಲ್ಲ ಕಣಪ್ಪ," ಎಂದರು! ಕೊನೆಗೆ ನಿಮ್ಮ ಮಗ ನಮ್ಮ ಬಾವಿಯ ನೀರನ್ನೇ ತಾಮ್ರದ ಕೊಡದಲ್ಲಿ ಬಾಯಿ ಕಟ್ಟಿ ಒಯ್ಯುವುದೆಂದು ತೀರ್ಮಾನಿಸಿದರು. ಭೂಮಿಯ ಮೇಲಿನ ನೀರೆಲ್ಲ ಹರಿದು ಸೇರುವ ಕಡೆಗೆ ನಮ್ಮೂರು ತೆರಕಣಾಂಬಿಯಿಂದ ಒಂದು ಕೊಡ ನೀರು ಹೊತ್ತುಕೊಂಡು ಹೋಗುವವರು ನಾವೇ ಇರಬೇಕು.

ಹೋಗುವ ಮೊದಲು ಡಾಕ್ಟರನ್ನು ಒಂದು ಮಾತು ಕೇಳಿ ಬರೋಣ ಎಂದು ಹಟ ಹಿಡಿದವಳು ನಾನು. ಮತ್ತೆ ಚಾಮರಾಜನಗರಕ್ಕೆ ಹೋದೆವು. "ಸ್ವಾಮಿ, ಮೀನಿನ ಊರಿನ ಗಾಳಿಯಲ್ಲಿ ಎಷ್ಟು ದಿನ ಇದ್ದರೆ ಒಂದು ಶೀಸೆಗೆ ಸಮ?" ಎಂದು ಕೇಳಿದೆ. ಅವರು ಕನ್ನಡಕ ತೆಗೆದು ನಮ್ಮಿಬ್ಬರ ಮುಖ ನೋಡಿದರು.

"ಹೋಟೆಲ್ ಮುಂದೆ ನಿಂತ್ಕೊಂಡ್ರೆ ಹೊಟ್ಟೆ ತುಂಬುತ್ತೇನಮ್ಮ?"

ಅವರು ಗೌರಿಯ ಕಾಲು ಹಿಡಿದು ಒತ್ತಿ ನೋಡಿದರು. "ಬಿಸಿಲು ನಿಮ್ಮ ಅಂಗಳದಲ್ಲೇ ಬೇಕಾದಷ್ಟಿದೆ. ಎಣ್ಣೆ ಮಾತ್ರ ಕುಡಿಸಲೇಬೇಕು, ತಿಂಗಳುಗಟ್ಟಲೆ. ಈಗಾದ್ರೆ ಕಾಲು ನೆಟ್ಟಗಾಗುತ್ತೆ. ಇದೇ ಸೊಟ್ಟದಲ್ಲಿ ಮೂಳೆ ಬಲಿತುಬಿಟ್ರೆ ಆಮೇಲೆ ನನ್ನ ಕೈಲಾಗೋದಿಲ್ಲ." ಇನ್ನೊಂದು ಶೀಸೆ ಕೊಟ್ಟರು. ದಾರಿಯುದ್ದಕ್ಕೂ ನಿಮ್ಮ ಮಗ ಕಿಟಕಿಯಾಚೆ ನೋಡುತ್ತಲೇ ಕೂತಿದ್ದರು.

ಮನೆ ಮುಂದೆ ಬಂದಾಗ ಅವರ ಕಾಲು ನಿಂತೇಬಿಟ್ಟಿತು. ಹೊಸ್ತಿಲು ದಾಟಿಸುವ ಹಾಗಿಲ್ಲ, ಎಸೆಯುವ ಮನಸ್ಸಿಲ್ಲ. ಶೀಸೆಯನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟಿಗೆಯ ಸೂರಿಗೆ ಕಟ್ಟಿದರು. ಬಿರಡೆ ಸಡಿಲವಾಗಿತ್ತೋ ಏನೋ, ಬೆಳಗಾಗುವುದರೊಳಗೆ ಬೀದಿಯ ಬೆಕ್ಕುಗಳೆಲ್ಲ ನಮ್ಮ ಕೊಟ್ಟಿಗೆಯಲ್ಲಿ! ಮೇಲೆ ನೋಡಿಕೊಂಡು ಮಿಯಾವ್ ಮಿಯಾವ್ ಅಂತ ಒಂದೇ ರಾಗ. ಪಕ್ಕದ ಮನೆ ಪುಟ್ಟಮ್ಮಣ್ಣಿ ಬಂದು, "ಏನ್ ಕಣಮ್ಮಿ, ನಿಮ್ ಅಸ ಇಲಿ ಈಯ್ತಾ?" ಎಂದು ಕೇಳಿದಳು. ನಾನು ಏನೋ ಒಂದು ಹೇಳಿ ಕಳಿಸಿದೆ.

ಅವತ್ತು ಊಟದ ಹೊತ್ತಿಗೆ ನಿಮ್ಮ ಮಗ ಇನ್ನೊಂದು ದಾರಿ ಹುಡುಕಿದ್ದರು. ವ್ಯಾಪಾರಿಯಲ್ಲವೇ? "ಅವ್ವಂಗೆ ಕೊಟ್ಟ ಮಾತು ಈ ಹೊಸ್ಲಿಂದು. ಕೊಯಿಲಾಂಡಿ ಹೊಸ್ಲಿಂದಲ್ಲ. ಅಲ್ಲೋಗಿ ಕುಡ್ಸನ."

"ಎಂಟ್ ದಿನ ಆದ್ಮೇಲೆ? ಡಾಕ್ಟ್ರು ತಿಂಗಳುಗಟ್ಲೆ ಅಂದ್ರಲ್ಲ, ದೋಣಿ ಕೊಂಡ್ಕೊಂಡು ಅಲ್ಲೇ ಇದ್ಬುಡನ?"

"ಮೊದ್ಲು ಓಗನ. ಆಮ್ಯಾಕೆ ನೋಡನ."

ಏನು ನೋಡುವುದು? ಹಿಂತಿರುಗಿ ಬಂದಾಗಲೂ ಇದೇ ಮನೆ, ಇದೇ ಹೊಸ್ತಿಲು. ನಿಮಗೆ ಕೊಟ್ಟ ಮಾತು ತಪ್ಪಿದರೆ ಅವರ ಮನಸ್ಸಿಗೆ ನೆಮ್ಮದಿಯಿಲ್ಲ. ಮಾತು ಉಳಿಸಿಕೊಂಡರೆ ನನ್ನ ಮಗಳು ಜೀವಮಾನವಿಡೀ ಕುಂಡಿ ಎಳೆದುಕೊಂಡು... ನೀವೇ ಹೇಳಿ, ನಾನು ಯಾರ ಕಡೆ ನಿಲ್ಲಲಿ? ಸತ್ತವರ ಹತ್ತಿರ ಜಗಳವಾಡಲೂ ಆಗುವುದಿಲ್ಲ, ನೀವು ತಿರುಗಿ ಒಂದು ಮಾತು ಅನ್ನುವುದಿಲ್ಲವಲ್ಲ.

ನಿನ್ನೆ ಗೌರಿ ಕೊಟ್ಟಿಗೆ ಬಾಗಿಲಲ್ಲಿ ಕೂತು ಬೆಕ್ಕುಗಳನ್ನು ನೋಡುತ್ತಿದ್ದಳು. ಒಂದು ಮರಿ ತಾಯಿಯ ಹಿಂದೆ ತಟಪಟ ಹೋಯಿತು. ಇವಳು ಅಪ್ಪನ ಪಂಚೆ ಜಗ್ಗಿದಳು. "ಅಪ್ಪ, ಬೆಕ್ಕಿನ್ ಪಾಪನೂ ನಡೀತದೆ. ನಾನ್ಯಾಕೆ ನಡ್ಯಕಿಲ್ಲ?" ಸಿಟ್ಟಿಲ್ಲ, ಅಳುವಿಲ್ಲ, ಸುಮ್ಮನೆ ಕೇಳಿದಳು. ನಿಮ್ಮ ಮಗ ಅವಳನ್ನು ಎತ್ತಿಕೊಂಡು ಹಿತ್ತಲಿಗೆ ಹೋದವರು ಬಹಳ ಹೊತ್ತು ಒಳಗೆ ಬರಲಿಲ್ಲ.

ಇವತ್ತು ಬೆಳಿಗ್ಗೆ ಪೂಜೆಗೆ ಕೂತವರು ಏಳಲೇ ಇಲ್ಲ. ರೊಟ್ಟಿ ತಣ್ಣಗಾಯಿತು. ಎದ್ದವರು ಸೀದಾ ಕೊಟ್ಟಿಗೆಗೆ ಹೋಗಿ ಶೀಸೆ ಬಿಚ್ಚಿಕೊಂಡು ಬಂದು ಹೊಸ್ತಿಲ ಆಚೆ ನಿಂತರು. ನಾನು ಒಳಗಿನಿಂದ ನೋಡುತ್ತಿದ್ದೆ. ಅವರು ಒಳಗೆ ಕಾಲಿಟ್ಟರು. ನೀವು ಮಲಗುತ್ತಿದ್ದ ಮೂಲೆಯ ಕಡೆ ತಿರುಗಿ, "ಅವ್ವ, ಮಾತ್ ತಪ್ದೆ. ಪಾಪ ನನ್ಗಿರ್ಲಿ, ಕೂಸ್ಗೆ ಬ್ಯಾಡ," ಎಂದರು. ಚಮಚಕ್ಕೆ ಬಗ್ಗಿಸಿ, ಗೌರಿಗೆ ಕೊಡುವ ಮೊದಲು ತಾವೇ ಕುಡಿದರು. ಹುಟ್ಟಿದಾಗಿನಿಂದ ಮೊಟ್ಟೆ ಮುಟ್ಟದ ಮನುಷ್ಯ! ಕಣ್ಣಲ್ಲಿ ನೀರು ಬಂತು, ವಾಸನೆಗೋ ಬೇರೆ ಯಾವುದಕ್ಕೋ ತಿಳಿಯದು. ಆ ಮುಖ ಕಂಡು ಗೌರಿ ಕಿಲಕಿಲ ನಕ್ಕಳು. ನಕ್ಕ ಬಾಯಿಗೆ ಚಮಚ ಇಟ್ಟೆವು. ಅರ್ಧ ಉಗುಳಿದಳು, ಅರ್ಧ ಒಳಗೆ ಹೋಯಿತು.

ಈಗ ಮನೆಯಲ್ಲೇ ಕುಡಿಸಿದ್ದಾಯಿತಲ್ಲ, ಮತ್ತೆ ಸಮುದ್ರಕ್ಕೆ ಯಾಕೆ ಹೋಗಬೇಕು? ಅದನ್ನೂ ಕೇಳಿದೆ. "ಗಂಟು ಕಟ್ಟಾಯ್ತು, ಕಾಕ ರೂಮ್ಗೆ ಸುಣ್ಣ ಬಳ್ಸವ್ನೆ, ಓಗ್ಬುಟ್ ಬರನ," ಎಂದರು. ಹೊರಟ ಕಾರಣವೇ ಇಲ್ಲ, ಆದರೂ ಹೊರಟಿದ್ದೇವೆ. ಭಯವಾಗುತ್ತಿದೆ, ಖುಷಿಯೂ ಆಗುತ್ತಿದೆ. ನಿಮಗೆ ಸಿಟ್ಟು ಬಂದಿದೆಯೋ, ಸಮಾಧಾನವಾಗಿದೆಯೋ, ಅದೊಂದು ಗೊತ್ತಾಗಿದ್ದರೆ...

ನಾಳೆಯಿಂದ ನಾನೂ ಒಂದು ಚಮಚ ಕುಡಿಯುತ್ತೇನೆ. ಪಾಪವಾದರೆ ಅವರೊಬ್ಬರ ತಲೆಗೇ ಯಾಕೆ? ಇನ್ನೊಂದು ಮಾತು ಅತ್ತೆಮ್ಮ. ಹೊಲದಲ್ಲಿ ನಿಮ್ಮ ಸಮಾಧಿಗೆ ಹೂವು ಇಡಲು ಬರುವಾಗ ಇಷ್ಟು ದಿನ ಗೌರಿಯನ್ನು ಸೊಂಟದ ಮೇಲೆ ಹೊತ್ತು ತರುತ್ತಿದ್ದೆ. ಇನ್ನು ಮೇಲೆ ತರುವುದಿಲ್ಲ. ಅವಳೇ ನಡೆದು ಬರುತ್ತಾಳೆ, ಅಲ್ಲಿಯವರೆಗೆ ಕಾಯಿರಿ.